ಹೆರಾಲ್ಡ್, ಸ್ಪಿಟ್‌ಫೈರ್ ಮುಂದಿನ ಸಸ್ಪೆನ್ಷನ್: ಟ್ರನಿಯನ್‌ಗೆ ಗ್ರೀಸ್ ಹಾಕಬೇಡಿ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂದಿನ ಚಕ್ರ ಮಡಚಿ ಬೀಳುವುದು ಸಾಮಾನ್ಯವಾಗಿ ವೇಗದಲ್ಲಿ ಓಡುವಾಗಲ್ಲ. ಗೇಟಿನಿಂದ ಹೊರಗೆ ತೆಗೆಯುವಾಗ, ಇಕ್ಕಟ್ಟಿನಲ್ಲಿ ಪಾರ್ಕ್ ಮಾಡುವಾಗ, ಸ್ಟೀರಿಂಗ್ ಪೂರ್ತಿ ಒಂದು ಬದಿಗೆ ತಿರುಗಿರುವ ಹೊತ್ತಿನಲ್ಲೇ ಅದು ಆಗುವುದು. ಮುರಿಯುವ ಭಾಗ ಒಂದೇ: ಚಕ್ರವನ್ನು ಹೊತ್ತ ವರ್ಟಿಕಲ್ ಲಿಂಕ್‌ನ ಕೆಳತುದಿ, ಟ್ರನಿಯನ್‌ (ಲಿಂಕ್‌ನ ಬುಡವನ್ನು ಹಿಡಿದಿರುವ ಕಂಚಿನ ಗಟ್ಟಿ) ಒಳಗೆ ಹೋಗುವ ಥ್ರೆಡ್ ಇರುವ ಜಾಗ. ಕಾರಣವೂ ಬಹುಪಾಲು ಒಂದೇ, ಎಣ್ಣೆ ಇಲ್ಲದ ಥ್ರೆಡ್.

ಈ ಮಾತು ಹೆರಾಲ್ಡ್‌ಗಷ್ಟೇ ಅಲ್ಲ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ನ ಈ ಮುಂಭಾಗವನ್ನೇ ಇಟ್ಟುಕೊಂಡು 1962ರಲ್ಲಿ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಬಂತು, 1980ರವರೆಗೂ ಅದೇ ವಿನ್ಯಾಸದಲ್ಲಿ ನಡೆಯಿತು. ಲೋಟಸ್ ಎಲಾನ್‌ನ ಮುಂದಿನ ಚಕ್ರಗಳೂ ಟ್ರಯಂಫ್‌ನ ಲಿಂಕ್ ಮತ್ತು ಟ್ರನಿಯನ್ ಮೇಲೆಯೇ ನಿಂತಿದ್ದವು. ನಮ್ಮಲ್ಲಿ 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ, ಆಮೇಲೆ ಬಂದ ಗೆಜೆಲ್‌ಗೆ ಬಂದದ್ದೂ ಇದೇ ಮುಂಭಾಗ. ಹಾಗಾಗಿ ಮೈಸೂರಿನ ಶೆಡ್ಡಿನಲ್ಲಿ ಸ್ಪಿಟ್‌ಫೈರ್ ಇರಲಿ, ಮಂಡ್ಯದ ತೋಟದ ಮನೆಯಲ್ಲಿ ತಾತನ ಕಾಲದ ಹೆರಾಲ್ಡ್ ಇರಲಿ, ಪರೀಕ್ಷೆಯ ಕ್ರಮ ಬದಲಾಗುವುದಿಲ್ಲ.

ತೊಂದರೆ ಎಲ್ಲಿಂದ ಶುರುವಾಗುತ್ತದೆ ಎಂದರೆ, ಅಂಬಾಸಿಡರ್ ಮತ್ತು ಪದ್ಮಿನಿ ಬಿಚ್ಚಿ ಪಳಗಿದ ಕೈ ತಾನಾಗಿಯೇ ಗ್ರೀಸ್ ಗನ್ನಿಗೆ ಹೋಗುತ್ತದೆ. ಆ ಕಾರುಗಳಿಗೆ ಅದು ಸರಿ. ಇಲ್ಲಿ ತಪ್ಪು. ಟ್ರನಿಯನ್ ಎಂದರೆ ತಳ ಮುಚ್ಚಿದ ಕಂಚಿನ ಗಟ್ಟಿ. ಉಕ್ಕಿನ ಲಿಂಕ್ ಅದರೊಳಗೆ ಥ್ರೆಡ್ ಮೂಲಕ ಇಳಿದಿರುತ್ತದೆ, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಲಿಂಕ್ ಆ ಥ್ರೆಡ್‌ನಲ್ಲೇ ತಿರುಗುತ್ತದೆ. ಹೆರಾಲ್ಡ್ 25 ಅಡಿ ವ್ಯಾಸದ ವೃತ್ತದಲ್ಲಿ ತಿರುಗಬಲ್ಲ ಕಾರು, ಅಗ್ರಹಾರದ ಓಣಿಯಲ್ಲೂ ಒಂದೇ ಸಲಕ್ಕೆ ತಿರುಗಿಸಿಕೊಳ್ಳಬಹುದು. ಆ ಸುಖಕ್ಕೆ ಚಕ್ರ ಬಹಳ ದೂರ ತಿರುಗಬೇಕು, ಅಷ್ಟೂ ತಿರುಗಾಟ ಈ ಥ್ರೆಡ್‌ನ ಮೇಲೆ. ಎಣ್ಣೆ ಹಾಕಿದರೆ ತಳದಲ್ಲಿ ನಿಂತು ಥ್ರೆಡ್‌ನ ಸಂದಿಗೆಲ್ಲ ಹರಿಯುತ್ತದೆ. ಗ್ರೀಸ್ ಹಾಗೆ ಹರಿಯುವುದಿಲ್ಲ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಅದು ಮೇಣದಂತೆ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಮೇಲಿನ ರಬ್ಬರ್ ಸೀಲ್ ಹರಿದಿದ್ದರೆ ಮಳೆಗಾಲದ ನೀರು, ನಾಲೆ ಏರಿಯ ಮೇಲಿನ ಸಣ್ಣ ಧೂಳು ಒಳಗಿಳಿದು ಉಕ್ಕಿನ ಥ್ರೆಡ್ ತುಕ್ಕು ಹಿಡಿಯುತ್ತದೆ. ತುಕ್ಕು ಕೊರೆದ ಗುಳಿಯಿಂದ ಬಿರುಕು ಹೊರಡುತ್ತದೆ, ಬಿಗಿಯಾದ ಟ್ರನಿಯನ್ ಪ್ರತಿ ತಿರುವಿನಲ್ಲೂ ಅದನ್ನು ಇನ್ನಷ್ಟು ತಿರುಚುತ್ತದೆ.

ಇದರಲ್ಲಿ ಕೆಟ್ಟ ಸಂಗತಿ, ಟ್ರನಿಯನ್ ಸದ್ದು ಮಾಡುವುದಿಲ್ಲ. ಹಂಪ್ ಮೇಲೆ ‘ಕಟಕಟ’ ಎಂದರೆ ಅದು ಹೆಚ್ಚಾಗಿ ಸವೆದ ನೈಲಾನ್ ಬುಷ್ (ಬೋಲ್ಟ್ ಸುತ್ತಲಿನ ಒಳಕೊಳವೆ), ಟೈ ರಾಡ್ ಎಂಡ್ (ಸ್ಟೀರಿಂಗ್‌ನ ಸರಳು ಚಕ್ರದ ಕಡೆ ಸೇರುವ ಕೀಲು), ಇಲ್ಲವೇ ಕಾರು ವಾಲದಂತೆ ತಡೆಯುವ ಆ್ಯಂಟಿರೋಲ್ ಬಾರ್‌ನ ಲಿಂಕ್. ಸದ್ದು ಕೇಳಿ ಶಾಕ್ ಅಬ್ಸಾರ್ಬರ್ ಬದಲಾಯಿಸಿ ಕಳಿಸಿಬಿಡುವುದು ರೂಢಿ. ಟ್ರನಿಯನ್ ಬಿಗಿಯಾದದ್ದು ಗೊತ್ತಾಗುವುದು ಸ್ಟೀರಿಂಗ್‌ನಲ್ಲಿ. ಚಾಮುಂಡಿ ಬೆಟ್ಟದ ತಿರುವಿನಿಂದ ಹೊರಬರುವಾಗ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮರಳದೆ ನಿಂತರೆ, ನೀವೇ ಎಳೆದು ತರಬೇಕಾದರೆ, ಕಾರನ್ನು ಅವತ್ತೇ ಜಾಕ್ ಮೇಲೆ ಏರಿಸಿ.

ಜಾಕನ್ನು ಚಾಸಿಸ್‌ಗೆ ಕೊಟ್ಟು, ಎರಡೂ ಬದಿ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿ. ಆಟ (ಸಡಿಲ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ಮಾಯವಾದರೆ ಅದು ವೀಲ್ ಬೇರಿಂಗ್‌ನದು, ಉಳಿದರೆ ಮೇಲಿನ ಬಾಲ್ ಜಾಯಿಂಟ್, ಟ್ರನಿಯನ್ ಅಥವಾ ವಿಶ್‌ಬೋನ್ (ಚಕ್ರವನ್ನು ಚಾಸಿಸ್‌ಗೆ ಸೇರಿಸುವ ಕವಲು ತೋಳು) ಬುಷ್. ಎಡ ಬಲ ಹಿಡಿದು ಅಲುಗಿಸಿದಾಗಿನ ಆಟ ಟೈ ರಾಡ್ ಎಂಡ್‌ನದು ಅಥವಾ ಸ್ಟೀರಿಂಗ್ ರ್‍ಯಾಕ್‌ನದು. ರ್‍ಯಾಕ್ ಹಿಡಿದಿರುವ ರಬ್ಬರ್‌ಗಳು ಎಂಜಿನ್ ಆಯಿಲ್ ಕುಡಿದು ಮೆತ್ತಗಾಗಿದ್ದರೆ ಇಡೀ ರ್‍ಯಾಕೇ ಪಕ್ಕಕ್ಕೆ ಜಾರುವುದು ಕಣ್ಣಿಗೇ ಕಾಣುತ್ತದೆ.

ಬೇರಿಂಗ್ ಬಗ್ಗೆ ಒಂದು ಎಚ್ಚರ. ಇವು ಟೇಪರ್ ರೋಲರ್ ಬೇರಿಂಗ್‌ಗಳು, ಸ್ವಲ್ಪ ಆಟ ಇರಲೇಬೇಕು. ಚಕ್ರ ತಿರುಗಿಸುತ್ತಾ ನಟ್ಟನ್ನು ಹಗುರವಾಗಿ, ಸುಮಾರು 5 ಪೌಂಡ್-ಅಡಿಯಷ್ಟೇ ಬಿಗಿಸಿ, ನಟ್‌ನ ಒಂದು ಮಗ್ಗುಲಷ್ಟು (ಆರರಲ್ಲೊಂದು ಸುತ್ತು) ಹಿಂದಕ್ಕೆ ಬಿಡಿ. ಹಬ್‌ನ ಒಳಹೊರಗಿನ ಆಟ 0.05ರಿಂದ 0.20 ಮಿ.ಮೀ. ಒಳಗಿರಬೇಕು. ಆಟವೇ ಇರಬಾರದೆಂದು ಬಿಗಿದು ಸ್ಪ್ಲಿಟ್ ಪಿನ್ ಹಾಕಿದರೆ ಬೇರಿಂಗ್ ಕಾದು ಸುಡುತ್ತದೆ.

ಈಗ ಮುಖ್ಯ ಪರೀಕ್ಷೆ, ಹೆಚ್ಚಿನವರು ಬಿಟ್ಟುಬಿಡುವಂಥದ್ದು. ಎರಡೂ ಬದಿಯ ಟೈ ರಾಡ್ ಎಂಡ್ ಬಿಚ್ಚಿ. ನಟ್ ಸಡಿಲಿಸಿ, ಸ್ಟೀರಿಂಗ್ ಆರ್ಮ್‌ನ ಕಣ್ಣಿಗೆ ಎರಡು ಬದಿಯಿಂದ ಒಟ್ಟಿಗೆ ಸುತ್ತಿಗೆ ಪೆಟ್ಟು ಕೊಟ್ಟರೆ ಟೇಪರ್ ಬಿಡುತ್ತದೆ, ಥ್ರೆಡ್ ಮೇಲೆ ಹೊಡೆಯಬೇಡಿ. ಈಗ ರ್‍ಯಾಕ್‌ನ ಹಂಗಿಲ್ಲದೆ ಪ್ರತಿ ಚಕ್ರವನ್ನೂ ಕೈಯಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬೆರಳಿನ ಒತ್ತಡಕ್ಕೆ ನಯವಾಗಿ, ಎಲ್ಲೂ ತಡೆಯದೆ ತಿರುಗಬೇಕು. ಒಂದು ಬದಿ ಬಿಗಿ, ಇನ್ನೊಂದು ಸಡಿಲ ಎಂದಾದರೆ, ಅಥವಾ ಒಂದೇ ಜಾಗದಲ್ಲಿ ಗಕ್ಕನೆ ನಿಂತರೆ, ಹೊಸ ಎಣ್ಣೆ ಪಂಪ್ ಮಾಡಿ ನೋಡೋಣ ಎನ್ನಬೇಡಿ. ಬಿಚ್ಚಲೇಬೇಕು. ಹಿಂದೆ ಗ್ರೀಸ್ ಹಾಕಿದ ಗುರುತು ಕಂಡರೂ ಅಷ್ಟೇ: ಗಟ್ಟಿಯಾದ ಗ್ರೀಸನ್ನು ದಾಟಿ ಎಣ್ಣೆ ಒಳಗೆ ಹೋಗುವುದಿಲ್ಲ.

ಬಿಚ್ಚುವುದು ಕಷ್ಟವಲ್ಲ, ಆದರೆ ಕ್ರಮ ಬೇಕು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಿಯಾಗಿ ಹೊರಬರುತ್ತವೆ. ಮೇಲೆ ಮೂರು ನಟ್, ಕೆಳಗೆ ವಿಶ್‌ಬೋನ್‌ನಲ್ಲಿ ಒಂದು ಬೋಲ್ಟ್. ಆ ಜೋಡಿಯ ತುದಿಯಲ್ಲಿರುವ ನಡುವಿನ ನಟ್ಟನ್ನು ಮಾತ್ರ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮುಟ್ಟಬಾರದು. ಸ್ಪ್ರಿಂಗ್ ಚಿಮ್ಮಿದರೆ ಕೈ, ಮುಖ ಉಳಿಯುವುದಿಲ್ಲ. ಆಮೇಲೆ ಟ್ರನಿಯನ್ ಮತ್ತು ವಿಶ್‌ಬೋನ್ ಸೇರಿಸುವ ಉದ್ದ ಬೋಲ್ಟ್. ಇದು ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿಡಿ. ಆಗಲೂ ಬಗ್ಗದಿದ್ದರೆ ವಿಶ್‌ಬೋನ್ ಮತ್ತು ಟ್ರನಿಯನ್ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡ್‌ನಿಂದ ಬೋಲ್ಟನ್ನೇ ಕೊಯ್ಯಿರಿ. ಬಡಿದು ಬಡಿದು ವಿಶ್‌ಬೋನ್ ಸೊಟ್ಟಗಾದರೆ ನಷ್ಟ ದೊಡ್ಡದು.

ಟ್ರನಿಯನ್ ಅನ್ನು ಲಿಂಕ್‌ನಿಂದ ತಿರುಗಿಸಿ ಬಿಚ್ಚಿ. ಎಡ ಮತ್ತು ಬಲದ ಥ್ರೆಡ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಆದ್ದರಿಂದ ಎರಡನ್ನೂ ಒಂದೇ ಡಬ್ಬಿಗೆ ಹಾಕದೆ ಬೇರೆ ಬೇರೆ ಚೀಟಿ ಕಟ್ಟಿ. ಲಿಂಕನ್ನು ಡೀಸೆಲ್ ಮತ್ತು ತಂತಿ ಬ್ರಷ್‌ನಿಂದ ತೊಳೆದು ಹಗಲು ಬೆಳಕಿನಲ್ಲಿ ನೋಡಿ. ಥ್ರೆಡ್‌ನ ತಲೆ ಚೂಪಾಗಿದ್ದರೆ, ಗುಳಿ ಬಿದ್ದಿದ್ದರೆ, ಅದು ಮುಗಿಯಿತು. ನೋಡಲು ಚೆನ್ನಾಗಿದ್ದರೂ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿ. ಕ್ಲೀನರ್‌ನಿಂದ ಒರೆಸಿ, ಕೆಂಪು ಬಣ್ಣ ಸಿಂಪಡಿಸಿ 10–15 ನಿಮಿಷ ಬಿಟ್ಟು, ಒರೆಸಿ ತೆಗೆದು ಬಿಳಿ ಡೆವಲಪರ್ ಹಾಕಿದರೆ ಬಿರುಕು ಕೆಂಪು ಗೆರೆಯಾಗಿ ಮೇಲೇಳುತ್ತದೆ. ಈ ಸ್ಪ್ರೇ ಡಬ್ಬಿಗಳು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಲೇತ್ ಕೆಲಸಗಾರರಿದ್ದಾರೆ, ಬೋಲ್ಟ್, ಕೊಳವೆ ಮಾಡಿಸಿಕೊಳ್ಳಿ. ಆದರೆ ಲಿಂಕ್‌ಗೆ ವೆಲ್ಡಿಂಗ್ ತುಂಬಿ ಥ್ರೆಡ್ ಕಡಿಯುವ ಕೆಲಸ ಯಾರೂ ಮಾಡಬಾರದು. ಜೀವ ಹೊತ್ತ ಭಾಗ ಅದು.

ಸವೆದ ಲಿಂಕ್‌ಗೆ ಹೊಸ ಟ್ರನಿಯನ್ ಹಾಕಿದರೆ ಫಲವಿಲ್ಲ. ಎರಡನ್ನೂ ಜೋಡಿಯಾಗಿಯೇ ಬದಲಿಸುವುದು ಕ್ಷೇಮ. ಇಂಗ್ಲೆಂಡಿನಿಂದ ತರಿಸುವಾಗ ನಿಮ್ಮ ಕಾರಿಗೆ ಡ್ರಮ್ ಬ್ರೇಕೋ ಡಿಸ್ಕೋ ತಿಳಿಸಿ, ಬಂದ ಭಾಗವನ್ನು ಹಳೆಯದರ ಪಕ್ಕದಲ್ಲಿಟ್ಟು ತಾಳೆ ನೋಡಿ. ಹೊಸದನ್ನು ಹಾಕಿ ತಿರುಗಿಸಿದಾಗ ನಯವಾಗಿ ಇಳಿಯಬೇಕು, ವಾಲಾಡಬಾರದು. ಬಿಗಿಯಿದ್ದರೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿ ಸರಿಮಾಡುವ ಉಪಾಯ ಬೇಡ. ಆ ಹರಳು ಕಂಚಿನಲ್ಲಿ ಹುದುಗಿ ಉಳಿದು ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ವಾಪಸ್ ಕಳಿಸಿ. ಟ್ರನಿಯನ್‌ಗೆ ಎಣ್ಣೆ ತುಂಬಿ ಒಂದು ರಾತ್ರಿ ಕಾಗದದ ಮೇಲೆ ನಿಲ್ಲಿಸಿಯೂ ನೋಡಿ, ತಳದಲ್ಲಿ ಸೋರುವ ಹೊಸ ಟ್ರನಿಯನ್‌ಗಳೂ ಬರುತ್ತವೆ.

ಜೋಡಿಸುವಾಗ ಹೊಸ ರಬ್ಬರ್ ಸೀಲ್ ಹಾಕಿ, ಟ್ರನಿಯನ್ ಅನ್ನು ಕೊನೆಯವರೆಗೂ ತಿರುಗಿಸಿ, ಆಮೇಲೆ ವಿಶ್‌ಬೋನ್‌ಗೆ ಸರಿಹೊಂದುವ ಮೊದಲ ಸ್ಥಾನಕ್ಕೆ ಹಿಂದೆ ಬಿಡಿ, ಹೆಚ್ಚೆಂದರೆ ಒಂದು ಸುತ್ತು. ಪೂರ್ತಿ ಬಿಗಿದೇ ಬಿಟ್ಟರೆ ಸ್ಟೀರಿಂಗ್ ಒಂದು ಬದಿಗೆ ಪೂರ್ತಿ ತಿರುಗಿದಾಗ ಥ್ರೆಡ್ ತಳಕ್ಕೆ ತಾಗಿ ಲಿಂಕ್ ಮುರಿಯುತ್ತದೆ. ನೈಲಾನ್ ಬುಷ್, ಉಕ್ಕಿನ ಕೊಳವೆ, ಧೂಳು ತಡೆಯುವ ಸೀಲ್ ಎಲ್ಲ ಹೊಸದಿರಲಿ, ಬೋಲ್ಟ್‌ಗೆ ಕಾಪರ್ ಗ್ರೀಸ್ ಸವರಿ. ವಿಶ್‌ಬೋನ್‌ನ ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಈಗ ಕೈಬಿಗಿಯಷ್ಟೇ ಮಾಡಿ. ಕಾರು ಚಕ್ರದ ಮೇಲೆ ಇಳಿದು, ಮುಂದಿನ ಸೀಟಿನಲ್ಲಿ ಭಾರ ಕೂತ ಮೇಲೆ ಪೂರ್ತಿ ಬಿಗಿಸಬೇಕು. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ಇಳಿದಾಗ ರಬ್ಬರ್ ತಿರುಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಹೋದ ವರ್ಷ ತಾನೇ ಬುಷ್ ಹಾಕಿಸಿದ್ದೆ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಎಣ್ಣೆ ಯಾವುದು? ಗೇರ್‌ಬಾಕ್ಸ್‌ಗೆ ಹಾಕುವ ಇಪಿ 90, ಜಿಎಲ್-4 ದರ್ಜೆಯದು ಸಾಕು. ಟ್ರನಿಯನ್ ಪಕ್ಕದ ಸಣ್ಣ ಪ್ಲಗ್ ಬಿಚ್ಚಿ, ನಿಪ್ಪಲ್ (ಗನ್ ಕೂರುವ ಮೂತಿ) ಸಿಕ್ಕಿಸಿ, ಎಣ್ಣೆ ತುಂಬಿದ ಬೇರೆಯೇ ಒಂದು ಗ್ರೀಸ್ ಗನ್‌ನಿಂದ ಮೇಲಿನ ಸೀಲ್ ಬಳಿ ಎಣ್ಣೆ ಜಿನುಗುವವರೆಗೆ ಪಂಪ್ ಮಾಡಿ. ಚಕ್ರ ನೆಲದಿಂದ ಮೇಲಿರಲಿ, ಪಂಪ್ ಮಾಡುತ್ತಾ ಸ್ಟೀರಿಂಗ್ ಎರಡೂ ಕಡೆ ತಿರುಗಿಸುತ್ತಿರಲಿ. ಕಂಪನಿಯ ಪುಸ್ತಕ 6,000 ಮೈಲಿಗೊಮ್ಮೆ ಎನ್ನುತ್ತಿತ್ತು. ಕಬ್ಬಿನ ಗಾಡಿ ಓಡಾಡಿ ಕಿತ್ತ ನಮ್ಮ ರಸ್ತೆಗಳಿಗೆ, ದಸರಾಕ್ಕೆ ಮಾತ್ರ ಕವರ್ ತೆಗೆಯುವ ಕಾರುಗಳಿಗೆ ಕಿಲೋಮೀಟರ್ ಲೆಕ್ಕ ಸಾಲದು. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಹಾಕಿ. ಆಮೇಲೆ ನಿಪ್ಪಲ್ ತೆಗೆದು ಪ್ಲಗ್ಗೇ ಹಾಕಿ. ನಿಪ್ಪಲ್ ಉಳಿದರೆ ಮುಂದಿನ ಸರ್ವಿಸ್‌ನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಗ್ರೀಸ್ ತುಂಬುತ್ತಾರೆ.

ಕೊನೆಗೆ ಅಲೈನ್‌ಮೆಂಟ್. ಲೇಸರ್ ಯಂತ್ರದಲ್ಲಿ ಈ ಕಾರಿನ ಅಂಕಿ ಇರುವುದಿಲ್ಲ, ಅಂಕಿ ನೀವೇ ಕೊಡಿ: ಟೋ-ಇನ್ (ಚಕ್ರಗಳ ಮುಂಬದಿ ಒಳಕ್ಕೆ ತಿರುಗಿರುವಷ್ಟು) ಸೊನ್ನೆಯಿಂದ 1.6 ಮಿ.ಮೀ., ಎರಡೂ ಟೈ ರಾಡ್ ಸಮನಾಗಿ ತಿರುಗಿಸಿ. ಕ್ಯಾಂಬರ್ (ಚಕ್ರದ ಒಳಹೊರ ವಾಲು) ಸರಿಮಾಡುವುದು ಕೆಳಗಿನ ವಿಶ್‌ಬೋನ್ ಬ್ರಾಕೆಟ್ ಹಿಂದಿನ ಶಿಮ್ ಎಂಬ ತೆಳು ತಗಡುಗಳಿಂದ. ಎರಡು ಬ್ರಾಕೆಟ್‌ಗೂ ಸಮನಾಗಿ ಶಿಮ್ ಹಾಕಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ತೆಗೆದರೆ ಹೊರಕ್ಕೆ. ಒಂದು ಬ್ರಾಕೆಟ್‌ಗೆ ಮಾತ್ರ ಹಾಕಿದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ವಾಲು) ಬದಲಾಗುತ್ತದೆ. ಬಿಚ್ಚುವಾಗಲೇ ಯಾವ ಬ್ರಾಕೆಟ್ ಹಿಂದೆ ಎಷ್ಟು ಶಿಮ್ ಇತ್ತೆಂದು ಬರೆದಿಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಎಲ್ಲ ನಟ್, ಸ್ಪ್ಲಿಟ್ ಪಿನ್ ಮತ್ತೆ ನೋಡಿ. ಬಿರುಕು ಕಂಡ ಹಳೆಯ ಲಿಂಕನ್ನು ಗುಜರಿಗೆ ಹಾಗೆಯೇ ಕೊಡಬೇಡಿ. ಥ್ರೆಡ್ ಇರುವ ತುದಿಯನ್ನು ಕೊಯ್ದು ಕೊಡಿ, ಇಲ್ಲವಾದರೆ ಬಣ್ಣ ಹೊಡೆಸಿಕೊಂಡು ಇನ್ನೊಂದು ಕಾರಿಗೆ ಏರಿಬಿಡುತ್ತದೆ.