ಕಪ್ಪು ಗೆರೆಯ ಹಳ್ಳಗಳು

ಪ್ರವೇಶಾತಿಯ ದಿನಗಳಲ್ಲಿ ಚಳ್ಳಕೆರೆ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಭೂಗೋಳ ವಿಭಾಗಕ್ಕೆ ಬಂದಿದ್ದರು. "ಸಾರ್, ಭೂಗೋಳ ಓದಿದ್ರೆ ಮೇಷ್ಟ್ರ ಕೆಲಸ ಬಿಟ್ಟು ಬ್ಯಾರೆ ಏನೈತೆ?" ಉತ್ತರ ಹೇಳುವ ಬದಲು ಅವರ ಊರಿನ ಟೋಪೋಶೀಟ್, ಅಂದರೆ ಹಳ್ಳ, ಗುಡ್ಡ, ದಾರಿಗಳನ್ನೆಲ್ಲ ತೋರಿಸುವ ನಕ್ಷೆ, ಮೇಜಿನ ಮೇಲೆ ಹರಡಿದೆ. ಸರ್ವೆ ಆಫ್ ಇಂಡಿಯಾದ ಹಾಳೆ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಹುಡುಗಿ ಊರು ಹುಡುಕಿಕೊಂಡು, "ಹಳ್ಳಗಳೆಲ್ಲ ಯಾಕೆ ಕಪ್ಪು?" ಎಂದಳು. ನೀಲಿ ಗೆರೆಯೆಂದರೆ ವರ್ಷವಿಡೀ ನೀರು, ಕಪ್ಪೆಂದರೆ ಮಳೆ ಬಂದಾಗಷ್ಟೇ. "ಹಂಗಾದ್ರೆ ನಮ್ದು ಕಪ್ಪೇ ಬಿಡಿ" ಎಂದು ಅಪ್ಪ ನಕ್ಕರು.

ಉದ್ಯೋಗದ ಮಾತು ಮುಗಿಸಿಬಿಡುತ್ತೇನೆ. ಜಲಾನಯನ ಯೋಜನೆಗಳು, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಂಪನಿಗಳು, ನಗರ ಯೋಜನೆ, ಯುಪಿಎಸ್‌ಸಿ ಐಚ್ಛಿಕ ವಿಷಯ. ದಾರಿಗಳಿವೆ, ಆದರೆ ಪದವಿಯೊಂದನ್ನೇ ನಂಬಿ ಹೋದರೆ ಸಾಲದು.

ನನಗೆ ತಕರಾರಿರುವುದು ಕಲಿಸುವ ಕ್ರಮದ ಬಗ್ಗೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಇಸ್ರೋದ ಭುವನ್ ಪೋರ್ಟಲಿನಲ್ಲಿ ಉಪಗ್ರಹ ಚಿತ್ರಗಳೂ ಸಿಗುತ್ತವೆ. ವಿದ್ಯಾರ್ಥಿಗಳು ಎರಡೇ ವಾರದಲ್ಲಿ ಬಣ್ಣಬಣ್ಣದ ನಕ್ಷೆ ತರುತ್ತಾರೆ. ಅದೇ ನಕ್ಷೆ ಮುಂದಿಟ್ಟು ನಮ್ಮ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ವಿಚಾರ ಕೇಳಿ ನೋಡಿ.

ಮಾರಿಕಣಿವೆಯಲ್ಲಿ ವೇದಾವತಿ ಹೊಳೆಗೆ ಈ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ! ನಡುವೆ 89 ವರ್ಷ ಏನಾಯಿತು? "ಮಳೆ ಇಲ್ಲ ಸಾರ್" ಎಂದು ತರಗತಿಯೆಲ್ಲ ಒಂದೇ ಉಸಿರಿಗೆ ಹೇಳುತ್ತದೆ. ಆಗ ವೇದಾವತಿಯ ಜಾಡು ಹಿಡಿದು ಮೇಲಕ್ಕೆ ಹೋಗಿ ಎನ್ನುತ್ತೇನೆ. ಕೂಡಿ ವೇದಾವತಿಯಾಗುವ ವೇದಾ, ಅವತಿ ಎರಡೂ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅಯ್ಯನಕೆರೆ, ಮದಗದಕೆರೆ ತುಂಬಿದ ಮೇಲಲ್ಲವೇ ಕೆಳಗಿನವರ ಸರದಿ? ಹೊಳೆಸಾಲಿನ ಚೆಕ್‌ಡ್ಯಾಂಗಳು ಎಷ್ಟು ನೀರು ಹಿಡಿದವು? ತೆಂಗು, ಅಡಿಕೆ ತೋಟಗಳ ಬೋರುಗಳು ನೆಲದೊಳಗಿನಿಂದ ಎಷ್ಟೆತ್ತಿದವು? 2019ರಿಂದ ಪಂಪಿನಲ್ಲಿ ಎತ್ತಿದ ಭದ್ರೆಯ ನೀರೂ ಈ ಕಣಿವೆಗೆ ಬರುತ್ತಿರುವಾಗ 2022ರ ಕೋಡಿಯಲ್ಲಿ ಮಳೆಯ ಪಾಲೆಷ್ಟು, ಪಂಪಿನ ಪಾಲೆಷ್ಟು? ಇಷ್ಟು ಕೇಳುವ ಹೊತ್ತಿಗೆ ಹವಾಮಾನ, ಬೇಸಾಯ, ರಾಜಕಾರಣ ಎಲ್ಲವೂ ಒಂದೇ ಹೊಳೆಗೆ ಬಂದು ಸೇರಿರುತ್ತವೆ. ಪಠ್ಯಕ್ರಮದಲ್ಲಿ ಮಾತ್ರ ಅವು ಬೇರೆ ಬೇರೆ ಪತ್ರಿಕೆಗಳು.

ದಾವಣಗೆರೆ ಕಡೆಯ ಮಕ್ಕಳಿಗೆ ಅಷ್ಟು ದೂರವೂ ಬೇಡ. ಭದ್ರಾ ನಾಲೆಯ ಗದ್ದೆ ನೋಡಿಕೊಂಡು ಬಸ್ಸು ಹತ್ತಿ ಬರದ ಜಗಳೂರಲ್ಲಿ ಇಳಿದರೆ ಅರ್ಧ ಪಾಠ ಕಿಟಕಿಯಲ್ಲೇ ಆಗಿರುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ನಾನು ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಊರಿಗೆ ಹೋಗಿ ತೆರೆದ ಬಾವಿ ಯಾವ ವರ್ಷ ಬತ್ತಿತು, ಮೊದಲ ಬೋರಿಗೆ ಎಷ್ಟಡಿಗೆ ನೀರು ಬಿತ್ತು, ಈಗ ಎಷ್ಟಡಿ ಎಂದು ಹಿರಿಯರನ್ನು ಕೇಳಿ ಬರೆದು ತರಬೇಕು. ಆ ಹುಡುಗಿ ನಾಲ್ಕು ಪುಟ ತಂದಳು. ಮೂರು ಪುಟ ಅಪ್ಪನೇ ಕೂತು ಬರೆಸಿದ್ದಂತೆ.