ಟ್ರಾಯ್ ಯುದ್ಧಕ್ಕೆ ಹೆಲೆನ್ ಬರೀ ನೆಪವೇ?

ಓದುಗರ ಪ್ರಶ್ನೆ: ಟ್ರಾಯ್ ಕಥೆಯನ್ನು ನಾಟಕ ಮಾಡುತ್ತಿದ್ದೇವೆ. ಯುದ್ಧ ನಡೆದದ್ದು ವ್ಯಾಪಾರಕ್ಕಾಗಿ, ಹೆಲೆನ್ ನೆಪವಷ್ಟೇ ಎಂದು ಬರೆದರೆ ಮೂಲಕ್ಕೆ ದ್ರೋಹವಾಗುತ್ತದೆಯೇ?

ಉತ್ತರ: ಗ್ರೀಕ್ ದೊರೆ ಮೆನೆಲಾಸ್‌ನ ಹೆಂಡತಿ ಹೆಲೆನ್‌ಳನ್ನು ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಕರೆದೊಯ್ದ, ಅದಕ್ಕೇ ಗ್ರೀಕರು ದಂಡೆತ್ತಿದರು ಎಂಬುದು ರೂಢಿಯ ಕಥೆ. ಅದನ್ನು ಬದಲಿಸಿದರೆ ದ್ರೋಹ ಎಂಬ ಮಾತು ಬಿಡಿ, ಗ್ರೀಕರೇ ಆ ಕೆಲಸ ಎಂದೋ ಮಾಡಿದ್ದಾರೆ. ರಾಜರು ದಂಡೆತ್ತಿ ಹೊರಟದ್ದು, ಅವಳ ಗಂಡನ ನೆರವಿಗೆ ಬರುತ್ತೇವೆಂದು ಹೆಲೆನ್‌ಳ ತಂದೆಗೆ ಕೊಟ್ಟ ಭಾಷೆಗಿಂತ ಹೆಚ್ಚಾಗಿ ಮೆನೆಲಾಸ್‌ನ ಅಣ್ಣ, ಸೇನಾನಾಯಕ ಅಗಮೆಮ್ನಾನ್‌ನ ಬಲಕ್ಕೆ ಅಂಜಿ ಎಂದು ಇತಿಹಾಸಕಾರ ಥುಸಿಡಿಡೀಸ್ ತರ್ಕಿಸಿದ. ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 412ರ ನಾಟಕದಲ್ಲಿ ಹೆಲೆನ್‌ಳನ್ನು ಈಜಿಪ್ಟಿನಲ್ಲಿಟ್ಟು, ಟ್ರಾಯ್‌ಗೆ ಅವಳ ಮಾಯಾರೂಪವನ್ನಷ್ಟೇ ಕಳಿಸಿದ. ಚೂರುಗಳಾಗಿ ಉಳಿದಿರುವ 'ಕಿಪ್ರಿಯಾ' ಕಾವ್ಯದಲ್ಲಂತೂ ಇದು ಜನರ ಹೊರೆಯಿಂದ ಬಳಲಿದ ಭೂಮಿಯನ್ನು ಹಗುರ ಮಾಡಲು ದೇವರಾಜ ಜ್ಯೂಸ್ ಹೂಡಿದ ಯುದ್ಧ. ಮಹಾಭಾರತದ ಭೂಭಾರಹರಣ ಬಲ್ಲವರಿಗೆ ಇದೇನೂ ಹೊಸತಲ್ಲ.

ವ್ಯಾಪಾರದ ವಾದಕ್ಕೆ ಆಧಾರ ಇರುವುದು ಭೂಗೋಳದಲ್ಲಿ. ಟ್ರಾಯ್ ಎಂದು ಗುರುತಿಸಿರುವ ಹಿಸಾರ್ಲಿಕ್ ದಿಬ್ಬ, ಕಪ್ಪು ಸಮುದ್ರದತ್ತ ಹಡಗುಗಳು ಸಾಗುವ ಡಾರ್ಡನೆಲ್ಸ್ ಜಲಸಂಧಿಯ ಬಾಯಲ್ಲೇ ಇದೆ. ಕ್ರಿ.ಪೂ. 13ನೇ ಶತಮಾನದ ಹಿಟೈಟ್ (ಇಂದಿನ ಟರ್ಕಿಯಲ್ಲಿದ್ದ ಸಾಮ್ರಾಜ್ಯ) ದೊರೆಯ ಪತ್ರವೊಂದು 'ವಿಲುಸ'ದ ವಿಷಯದಲ್ಲಿ 'ಅಹಿಯಾವ'ದ ದೊರೆಯೊಂದಿಗೆ ಆಗಿದ್ದ ವೈಮನಸ್ಯವನ್ನು ನೆನೆಯುತ್ತದೆ. ಮೊದಲನೆಯದು ಟ್ರಾಯ್, ಎರಡನೆಯದು ಗ್ರೀಕರ ನಾಡು ಎಂಬುದು ಬಹುಪಾಲು ವಿದ್ವಾಂಸರ ಮತ. ಆದರೆ ಸುಂಕ, ಸರಕುಗಳ ಜಗಳ ಆ ಪತ್ರದಲ್ಲಾಗಲಿ ಹೋಮರ್‌ನ ಟ್ರಾಯ್ ಕಾವ್ಯ ಇಲಿಯಡ್‌ನಲ್ಲಾಗಲಿ ಇಲ್ಲ. ಅದು ನಿಮ್ಮದೇ ಕಲ್ಪನೆಯಾಗಿರುತ್ತದೆ, ಇರಲಿ.

ತೊಡಕು ಬೇರೆ ಕಡೆ ಇದೆ. ಹೆಲೆನ್‌ಳನ್ನು ತೀರಾ ನೆಪವಾಗಿಸಿದರೆ ಇಲಿಯಡ್‌ನ 3ನೇ ಸರ್ಗದಲ್ಲಿ ಮೆನೆಲಾಸ್ ಮತ್ತು ಪ್ಯಾರಿಸ್ ನಡುವಿನ ದ್ವಂದ್ವಯುದ್ಧ ಸಪ್ಪೆಯಾಗುತ್ತದೆ. ಅಲ್ಲಿ ಪಣ ಹೆಲೆನ್ ಮತ್ತು ಅವಳೊಂದಿಗೆ ಬಂದ ಸಂಪತ್ತು, ಎರಡೂ. ಈ ಜೋಡಿಯನ್ನು ಹೋಮರ್ ಮತ್ತೆ ಮತ್ತೆ ಹೇಳುತ್ತಾನೆ. ಹೆಣ್ಣಿನ ಜತೆ ಹಣವೂ ಮೂಲದಲ್ಲೇ ಇದೆ. ಮೂವರು ದೇವಿಯರಲ್ಲಿ ಯಾರು ಚೆಲುವೆ ಎಂಬ ಜಗಳ ಹುಟ್ಟಿಸಿದ ಚಿನ್ನದ ಸೇಬು ಮಾತ್ರ ಇಡೀ ಕಾವ್ಯದಲ್ಲಿ ಎಲ್ಲೂ ಇಲ್ಲ, ಆ ಜಗಳಕ್ಕೆ ಪ್ಯಾರಿಸ್‌ನ ತೀರ್ಪು 24ನೇ ಸರ್ಗದಲ್ಲಿ ಎರಡು ಮೂರು ಸಾಲಿಗೆ ಮುಗಿಯುತ್ತದೆ.

ನಿಮ್ಮ ನಾಟಕಕ್ಕೆ ಬೇಕಾದದ್ದು 7ನೇ ಸರ್ಗದಲ್ಲಿದೆ. ಎರಡನ್ನೂ ಹಿಂದಿರುಗಿಸೋಣ ಎಂದು ಟ್ರಾಯ್‌ನ ಆಂಟಿನೋರ್ ಸೂಚಿಸುತ್ತಾನೆ. ಸಂಪತ್ತು ಕೊಡುತ್ತೇನೆ, ನನ್ನದನ್ನೂ ಸೇರಿಸುತ್ತೇನೆ, ಅವಳನ್ನು ಮಾತ್ರ ಬಿಡುವುದಿಲ್ಲ ಎನ್ನುತ್ತಾನೆ ಪ್ಯಾರಿಸ್. ಆ ಮಾತು ಒಯ್ದ ದೂತ ಇಡೇಯಸ್, ಪ್ಯಾರಿಸ್ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಶತ್ರುಗಳ ಎದುರೇ ಆಡಿಬಿಡುತ್ತಾನೆ! ಗ್ರೀಕರೆಲ್ಲ ಸುಮ್ಮನಿರುವಾಗ ಅವರ ವೀರ ಡಯೊಮಿಡೀಸ್ ಎದ್ದು, ಸಂಪತ್ತೂ ಬೇಡ, ಹೆಲೆನ್‌ಳನ್ನೇ ಕೊಟ್ಟರೂ ಬೇಡ, ಟ್ರಾಯ್‌ಗೆ ಕೊನೆಗಾಲ ಬಂದಿದೆ ಎನ್ನುತ್ತಾನೆ. ಸೈನ್ಯ ಹರ್ಷೋದ್ಗಾರ ಮಾಡುತ್ತದೆ, ಅಗಮೆಮ್ನಾನ್ ಒಪ್ಪುತ್ತಾನೆ. ಹೆಂಡತಿಯನ್ನು ಕಳೆದುಕೊಂಡ ಮೆನೆಲಾಸ್‌ಗೆ ಅಲ್ಲಿ ಒಂದು ಮಾತೂ ಇಲ್ಲ.