ಹಾಸು, ಹೊಕ್ಕು, 176 ಕಿಲೋ

ಅಗ್ಗದ ಬ್ಯಾಡ್ಮಿಂಟನ್ ರ‍್ಯಾಕೆಟ್ ಸೊಟ್ಟಗಾದರೆ ಉಕ್ಕು ಕಳಪೆ ಎಂದು ಬೈಯುವುದು ರೂಢಿ. ಆದರೆ ಗಟ್, ಅಂದರೆ ಬಲೆಯ ದಾರ, ಎಳೆಯುವ ಕ್ರಮ ತಪ್ಪಿದರೆ ಒಳ್ಳೆಯ ಉಕ್ಕೂ ಸೊಟ್ಟಗಾಗುತ್ತದೆ. ಹಳ್ಳಿಮನೆಗಳಲ್ಲಿ ಕೈಯಿಂದಲೇ ರ‍್ಯಾಕೆಟ್ ಮಾಡುವವರ ಜಾಣ್ಮೆಯೆಲ್ಲ ಆ ಕ್ರಮದಲ್ಲಿದೆ.

ಚೌಕಟ್ಟಿನ ಕೆಲಸ ಸರಳ. ತೆಳು ಉಕ್ಕಿನ ಕೊಳವೆಯನ್ನು ಅಚ್ಚಿನ ಸುತ್ತ ಮೊಟ್ಟೆಯಾಕಾರಕ್ಕೆ ಬಗ್ಗಿಸಿ, ತುದಿಗಳನ್ನು ದಂಡದ ತಲೆಯಲ್ಲಿರುವ ಟಿ ಆಕಾರದ ಜೋಡಣೆಗೆ ಸೇರಿಸುತ್ತಾರೆ. ಆಟದ ನಿಯಮದಂತೆ ರ‍್ಯಾಕೆಟ್‌ನ ಉದ್ದ 680 ಮಿ.ಮೀ., ಅಗಲ 230 ಮಿ.ಮೀ. ಮೀರಬಾರದು. ಗಟ್ ಪೋಣಿಸಲು ತೂತು ಕೊರೆದಾಗ ಅಂಚಿನಲ್ಲಿ ಚೂಪಾದ ಸಿಬಿರು ಏಳುತ್ತದೆ. ತುಸು ದಪ್ಪನೆಯ ಬೈರಿಗೆ ಮೊನೆಯನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದರೆ ಅದು ಹೋಗುತ್ತದೆ. ಇದನ್ನು ಬಿಟ್ಟರೆ, ಮೇಲೆ ಪ್ಲಾಸ್ಟಿಕ್ ಗ್ರೊಮೆಟ್ (ತೂತಿಗೆ ತೊಡಿಸುವ ಪುಟ್ಟ ಕೊಳವೆ) ಹಾಕಿದರೂ ಗಟ್ ಅಲ್ಲೇ ತುಂಡಾಗುತ್ತದೆ.

ಗಟ್ ಹಾಕುವುದು ಥೇಟ್ ನೇಯ್ಗೆಯೇ: ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಒಂದು ರ‍್ಯಾಕೆಟ್‌ಗೆ ಸುಮಾರು 10 ಮೀಟರ್ ನೈಲಾನ್ ಬೇಕು. ಹಾಸಿನ ಎಳೆ ಸಾಮಾನ್ಯವಾಗಿ 22. ಒಂದೊಂದನ್ನೂ 8 ಕಿಲೋ ಬಲದಲ್ಲಿ ಎಳೆದರೆ ಚೌಕಟ್ಟಿನ ತಲೆಯನ್ನು ದಂಡದತ್ತ ಜಗ್ಗುವ ಬಲ ಒಟ್ಟು 176 ಕಿಲೋ, ಇಬ್ಬರು ದಢೂತಿ ಆಳುಗಳ ತೂಕ! ಹೊಕ್ಕು ಬಿದ್ದ ಮೇಲೆ, ಹೊರಕ್ಕೆ ಉಬ್ಬಿದ್ದ ಬದಿಗಳು ಒಳಕ್ಕೆ ಬಂದು ಆಕಾರ ಸರಿಹೋಗುತ್ತದೆ. ಅಲ್ಲಿಯವರೆಗೆ ಚೌಕಟ್ಟನ್ನು ಮರದ ಹಲಗೆಯ ಗೂಟಗಳ ನಡುವೆ ಬಿಗಿಯಾಗಿ ಕೂರಿಸಿರಬೇಕು. ನಡುವಿನಿಂದ ಶುರುಮಾಡಿ ಎಡಕ್ಕೊಂದು, ಬಲಕ್ಕೊಂದು ಎಳೆಯುತ್ತ ಹೋಗಬೇಕು. ಒಂದೇ ಬದಿಯನ್ನು ಪೂರ್ತಿ ಮುಗಿಸಿದರೆ ತಲೆ ವಾಲುತ್ತದೆ. ಎಳೆದ ಎಳೆ ಜಾರದಂತೆ ತೂತಿಗೆ ದಬ್ಬಳ ಸಿಕ್ಕಿಸುತ್ತಾರಲ್ಲ, ಅದರ ಮೊನೆ ಮೊಂಡಾಗಿ, ನುಣುಪಾಗಿ ಇರಲೇಬೇಕು. ಕಣ್ಣಿಗೆ ಕಾಣದ ಗೀರು ಸಾಕು, ಮೊದಲ ಸ್ಮ್ಯಾಷ್‌ಗೇ ಗಟ್ ಪಟ್ಟೆನ್ನುತ್ತದೆ.

ದಣಿದ ಕೈ ಬೆಳಗಿನಷ್ಟೇ ಬಿಗಿಯಾಗಿ ಎಳೆಯಲಾರದು. ಆಗ ಕಿವಿಯೇ ಅಳತೆಗೋಲು. ಹೊಕ್ಕು ಹಾಕುವ ಮೊದಲು ಹಾಸನ್ನು ಮೀಟಿ ನೋಡಬೇಕು. 0.7 ಮಿ.ಮೀ. ದಪ್ಪದ, 25 ಸೆಂ.ಮೀ. ಉದ್ದದ ಎಳೆ 8 ಕಿಲೋ ಬಿಗಿಯಲ್ಲಿ ಸೆಕೆಂಡಿಗೆ ಸುಮಾರು 850 ಸಲ ಕಂಪಿಸುತ್ತದೆ. ಬಿಗಿ 6 ಕಿಲೋಗೆ ಇಳಿದರೆ ಸುಮಾರು 735. ಶ್ರುತಿ ತಿಳಿಯದವರಿಗೂ ಗೊತ್ತಾಗುವ ವ್ಯತ್ಯಾಸ ಇದು. ಅಂಚಿನತ್ತ ಎಳೆಗಳು ಗಿಡ್ಡವಾಗುವುದರಿಂದ ಸ್ವರವೂ ಏರುತ್ತ ಹೋಗಬೇಕು. ನಡುವೆ ಒಂದು ಎಳೆ ಮಂಕಾಗಿ ನುಡಿದರೆ ಅದನ್ನು ಬಿಚ್ಚಿ ಮತ್ತೆ ಎಳೆಯುವುದೊಂದೇ ದಾರಿ.

ಹೊಕ್ಕಿನಲ್ಲಿ ಅವಸರವೇ ಶತ್ರು. ಸರಸರ ಎಳೆದರೆ ಹಾಸಿನ ಒಂದೇ ಜಾಗ ಉಜ್ಜಿ, ಬಿಸಿಯಾಗಿ, ನೈಲಾನ್ ಮೆದುವಾಗಿ ಕಚ್ಚು ಬೀಳುತ್ತದೆ. ಎಳೆಯನ್ನು ಮೇಲೆ ಕೆಳಗೆ ಆಡಿಸುತ್ತ ನಿಧಾನಕ್ಕೆ ತರಬೇಕು. ಹಾಸಿನ ಮೇಲೂ ಕೆಳಗೂ ಹಾಯುವಾಗ ಘರ್ಷಣೆ ಸ್ವಲ್ಪ ಬಲವನ್ನು ತಿನ್ನುತ್ತದೆ. ಹಾಗಾಗಿ ಹೊಕ್ಕಿಗೆ 9 ಕಿಲೋ ಹಾಕುವುದು ಒಳ್ಳೆಯದು.

ಕೊನೆಗೆ ಹಿಡಿ. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಜಾಡಿನಲ್ಲಿ ಕುಗ್ಗುವುದು ಹೆಚ್ಚು. ದಂಡ ಕೂರುವ ದುಂಡನೆಯ ತೂತು ಮೊಟ್ಟೆಯಾಕಾರವಾಗಿ ಅಂಟು ಬಿಡುತ್ತದೆ, ಇಲ್ಲವೇ ಹಿಡಿಯೇ ಸೀಳುತ್ತದೆ. ಚೆನ್ನಾಗಿ ಒಣಗಿದ ಮರ ತಂದು, ದಂಡದ ತುದಿಯ ಎಣ್ಣೆ ಒರೆಸಿ, ಉಪ್ಪುಕಾಗದದಿಂದ ಉಜ್ಜಿ ಎಪಾಕ್ಸಿ ಅಂಟು ಹಚ್ಚಬೇಕು. ಅಡ್ಡಕ್ಕೊಂದು ಪಿನ್ನೂ ಇರಲಿ. ಅಂಟು ಆರಿದ ಮೇಲೆ ತಲೆಯನ್ನು ಹಿಡಿದು ಹಿಡಿಯನ್ನು ತಿರುಚಿ ನೋಡಿದರೆ, ಕಿರ್ರೆನ್ನುವ ರ‍್ಯಾಕೆಟ್ ಅಲ್ಲೇ ಸಿಕ್ಕಿಬೀಳುತ್ತದೆ.